ಈಜಿಪ್ಟಿನ ಅಧ್ಯಕ್ಷರ ಜಾಡು ಹಿಡಿದು ಏಳು ದಿನ

ಅಲೆಕ್ಸಾಂಡ್ರಿಯಾದ ಕಡಲ ದಂಡೆಯಿಂದ ಆಸ್ವಾನಿನ ಮರಳುಗಾಡಿನವರೆಗಿನ ಈ ದಾರಿಯಲ್ಲಿ ಪಿರಮಿಡ್ಡುಗಳಿಲ್ಲ. ರಾಜನನ್ನು ಕಳಿಸಿದ ಮೇಲೆ ದೇಶವನ್ನಾಳಿದ ನಗೀಬ್, ನಾಸೆರ್, ಸಾದತ್, ಮುಬಾರಕ್, ಮೊರ್ಸಿ, ಸಿಸಿ ನೆಲದ ಮೇಲೆ ಏನೇನು ಬಿಟ್ಟಿದ್ದಾರೆ ಎಂದು ನೋಡುವುದಕ್ಕೆ ಹಾಕಿಕೊಂಡ ದಾರಿ ಇದು. ಇವರಲ್ಲಿ ಯಾರು ದೊಡ್ಡವರು ಎಂಬ ವಾದ ಕೈರೊದ ಕಾಫಿ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಅಂಕಪಟ್ಟಿ ಬರೆಯಲು ಕೂತರೆ ಅದು ಮುಗಿಯುವುದೂ ಇಲ್ಲ. ಒಬ್ಬರು ಕಟ್ಟಿದ್ದನ್ನು ಮುಂದಿನವರು ಏನು ಮಾಡಿದರು ಎಂದು ನೋಡುತ್ತ ಹೋದರೆ ಲೆಕ್ಕ ತಿಳಿಯಾಗುತ್ತದೆ.

ಹೊರಡುವ ಮೊದಲು ಕೆಲವು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಆಸ್ವಾನಿನ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಭಾರತೀಯ ಪಾಸ್‌ಪೋರ್ಟಿನವರು ವೀಸಾ ಮೊದಲೇ ಮಾಡಿಸಿಕೊಂಡಿರಬೇಕು. ಅರಬ್ಬಿ ಅಂಕಿಗಳನ್ನು ಒಂದರಿಂದ ಒಂಬತ್ತರವರೆಗೆ ಕಲಿತುಕೊಳ್ಳಿ. ಬಸ್ಸಿನ ನಂಬರು, ರೈಲಿನ ಬೋಗಿ, ಅಂಗಡಿಯ ಬೆಲೆ ಬಹಳ ಕಡೆ ಅದರಲ್ಲೇ ಇರುತ್ತದೆ. ಪಾಸ್‌ಪೋರ್ಟು ಸದಾ ಜೇಬಿನಲ್ಲಿರಲಿ. ಸೈನಿಕರು, ಪೊಲೀಸರು, ಸೇತುವೆ, ಸರ್ಕಾರಿ ಕಟ್ಟಡ ಇವುಗಳತ್ತ ಕ್ಯಾಮೆರಾ ಎತ್ತಬಾರದು. ಈ ದಾರಿಯಲ್ಲಿ ನೋಡಬೇಕಾದ ಜಾಗಗಳಲ್ಲಿ ಅರ್ಧದಷ್ಟು ಇವೇ ಆದ್ದರಿಂದ ಮೊದಲೇ ಹೇಳುತ್ತಿದ್ದೇವೆ.

ಮೊದಲನೆಯ ದಿನ: ಅಲೆಕ್ಸಾಂಡ್ರಿಯಾ

ಕೈರೊದ ರಾಮ್ಸೆಸ್ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದರೆ ಎರಡೂವರೆ ಮೂರು ಗಂಟೆಯ ಹಾದಿ. ಅಲೆಕ್ಸಾಂಡ್ರಿಯಾದಲ್ಲಿ ಮೊದಲು ಸಿಗುವ ಸೀದಿ ಗಾಬರ್ ನಿಲ್ದಾಣದಲ್ಲಿ ಇಳಿಯಬಾರದು. ಕೊನೆಯ ಮಿಸ್ರ್ ನಿಲ್ದಾಣದಲ್ಲಿ ಇಳಿದರೆ ಮನ್ಶಿಯಾ ಚೌಕ ನಡೆದು ಹೋಗುವಷ್ಟು ಹತ್ತಿರ.

1952ರ ಜುಲೈ 23ರಂದು ಸೇನಾಧಿಕಾರಿಗಳು ಅಧಿಕಾರ ಹಿಡಿದರು. ಮೂರು ದಿನ ಕಳೆದು, ಜುಲೈ 26ರ ಸಂಜೆ, ದೊರೆ ಫಾರೂಕ್ ಇಲ್ಲಿನ ರಾಸ್ ಎತ್-ತೀನ್ ಅರಮನೆಯಿಂದ ಮಹ್ರೂಸಾ ಎಂಬ ಹಡಗು ಹತ್ತಿ ಇಟಲಿಯ ಕಡೆ ಹೊರಟ. ಬೀಳ್ಕೊಡಬೇಕಿದ್ದ ಜನರಲ್ ಮೊಹಮ್ಮದ್ ನಗೀಬ್ ಜನಜಂಗುಳಿಯಲ್ಲಿ ಸಿಕ್ಕಿ ತಡವಾಗಿ ಬಂದು, ಹಡಗಿನ ಮೇಲೇ ಸಲ್ಯೂಟ್ ಹೊಡೆದು ಕಳಿಸಿಕೊಟ್ಟರು. ಮರುವರ್ಷ ಜೂನ್ 18ರಂದು ಗಣರಾಜ್ಯ ಘೋಷಣೆಯಾದಾಗ ಅವರೇ ಮೊದಲ ಅಧ್ಯಕ್ಷರು. ಅರಮನೆಗೆ ಪ್ರವೇಶವಿಲ್ಲ, ಹೊರಗಿನಿಂದ ನೋಡಿ ಮುಂದೆ ಸಾಗಬೇಕು. ಮಹ್ರೂಸಾದ ಹೆಸರು ಮಾತ್ರ ನೆನಪಿರಲಿ.

ಮನ್ಶಿಯಾದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. 1954ರ ಅಕ್ಟೋಬರ್ 26ರಂದು ಇಲ್ಲಿ ಭಾಷಣ ಮಾಡುತ್ತಿದ್ದ ಗಮಾಲ್ ಅಬ್ದುಲ್ ನಾಸೆರ್ ಮೇಲೆ ಗುಂಡು ಹಾರಿತು, ತಗಲಲಿಲ್ಲ. ಮುಸ್ಲಿಂ ಬ್ರದರ್‌ಹುಡ್ ಎಂಬ ಇಸ್ಲಾಮೀ ಸಂಘಟನೆಯ ಮೇಲೆ ದಾಳಿ ಶುರುವಾಗಿದ್ದೂ, ನಗೀಬರನ್ನು ಪದಚ್ಯುತಗೊಳಿಸಿದ್ದೂ ಅದರ ಬೆನ್ನಿಗೇ. ಎರಡು ವರ್ಷದ ಮೇಲೆ, ಫಾರೂಕ್ ಹೊರಟ ದಿನಕ್ಕೆ ಸರಿಯಾಗಿ ನಾಲ್ಕು ವರ್ಷವಾದಾಗ, ಅದೇ ಚೌಕದಲ್ಲಿ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಆಸ್ವಾನ್ ಅಣೆಕಟ್ಟಿನ ಸಾಲದಿಂದ ಅಮೆರಿಕ ಹಿಂದೆ ಸರಿದು ಆಗ ಒಂದು ವಾರವಾಗಿತ್ತಷ್ಟೆ. ಭಾಷಣದಲ್ಲಿ ಕಾಲುವೆ ತೋಡಿಸಿದ ಡಿ ಲೆಸೆಪ್ಸ್‌ನ ಹೆಸರು ಕೇಳಿದ ಕೂಡಲೆ ಕಾಲುವೆ ಕಚೇರಿಗಳಿಗೆ ನುಗ್ಗಬೇಕೆಂದು ಎಂಜಿನಿಯರ್ ಮಹಮೂದ್ ಯೂನಿಸರ ತಂಡಕ್ಕೆ ಹೇಳಿಟ್ಟಿದ್ದರು. ಎಲ್ಲಿ ಕೇಳಿಸದೆ ಹೋಗುತ್ತದೋ ಎಂದು ನಾಸೆರ್ ಆ ಹೆಸರನ್ನು ಹತ್ತಕ್ಕೂ ಹೆಚ್ಚು ಸಲ ಹೇಳಿದರು.

ಅವರು ನಿಂತಿದ್ದ ಉಪ್ಪರಿಗೆಯನ್ನು ಹುಡುಕಬೇಡಿ. ಅದಿದ್ದದ್ದು ಹತ್ತಿ ವಿನಿಮಯ ಕೇಂದ್ರದ ಕಟ್ಟಡದಲ್ಲಿ. 1977ರ ಜನವರಿ 18 ಮತ್ತು 19ರಂದು, ಸಾದತ್ ಸರ್ಕಾರ ರೊಟ್ಟಿ, ಸಕ್ಕರೆ, ಎಣ್ಣೆಯ ಸಹಾಯಧನ ಕಡಿತ ಮಾಡಿದಾಗ ಎದ್ದ ದಂಗೆಯಲ್ಲಿ ಅದು ಸುಟ್ಟುಹೋಯಿತು. ಆಮೇಲೆ ಕೆಡವಿದರು. ಸಾದತ್ ಆ ದಂಗೆಯನ್ನು "ಕಳ್ಳರ ದಂಗೆ" ಎಂದು ಕರೆದರು. ಆದರೆ ಎರಡೇ ದಿನದಲ್ಲಿ ಕಡಿತವನ್ನು ಹಿಂದಕ್ಕೆ ಪಡೆದರು. ಈಜಿಪ್ಟಿನವರು ರೊಟ್ಟಿಗೆ ಅನ್ನುವ ಮಾತು "ಐಶ್", ಅಂದರೆ ಬದುಕು. ಆ ಎರಡು ದಿನದ ಭಯದಿಂದ ಮುಬಾರಕ್ ರೊಟ್ಟಿಯನ್ನು 1980ರ ದಶಕದ ಕೊನೆಗೆ 5 ಪಿಯಾಸ್ಟರಿಗೆ (ಪಿಯಾಸ್ಟರ್ ಅಂದರೆ ಪೌಂಡಿನ ನೂರನೆಯ ಒಂದು ಪಾಲು) ತಂದು ನಿಲ್ಲಿಸಿದರು. ಬೆಲೆ ಕದಲಲಿಲ್ಲ. ರೊಟ್ಟಿಯ ತೂಕ ಮಾತ್ರ ಬರಬರುತ್ತ ಇಳಿದು 2020ಕ್ಕೆ 90 ಗ್ರಾಂ ಆಯಿತು. ಬೆಲೆ ಏರಿದ್ದು 2024ರ ಜೂನ್ 1ರಂದು, ಸಿಸಿ ಕಾಲದಲ್ಲಿ, ಒಮ್ಮೆಗೇ 20 ಪಿಯಾಸ್ಟರಿಗೆ. ಈ ಸಲ ಬೀದಿಗೆ ಯಾರೂ ಇಳಿಯಲಿಲ್ಲ. ಆ ಮೌನದ ಕಾರಣ ಮೂರನೆಯ ದಿನದ ದಾರಿಯಲ್ಲಿದೆ.

ಎರಡನೆಯ ದಿನ: ಮೆಟ್ರೊ ಹೇಳುವ ಚರಿತ್ರೆ

ಕೈರೊದಲ್ಲಿ ಅಧ್ಯಕ್ಷರನ್ನು ಹುಡುಕಲು ಮೆಟ್ರೊ ನಕ್ಷೆ ಸಾಕು. ತಹ್ರೀರ್ ಚೌಕದ ಕೆಳಗಿನ ನಿಲ್ದಾಣ ಸಾದತ್. ಒಂದನೆಯ ಮಾರ್ಗದಲ್ಲಿ ಮುಂದಿನದು ನಾಸೆರ್. ಎರಡನೆಯ ಮಾರ್ಗದಲ್ಲಿ ಸಾದತ್ ಆದ ಮೇಲೆ ಮೊಹಮ್ಮದ್ ನಗೀಬ್. ಈ ಎರಡೂ ಮಾರ್ಗ ರಾಮ್ಸೆಸ್ ರೈಲು ನಿಲ್ದಾಣದ ಹತ್ತಿರ ಮತ್ತೆ ಕೂಡುವಲ್ಲಿ 2011ರವರೆಗೆ ಮುಬಾರಕ್ ಎಂದಿತ್ತು. ಈಗ ಅಶ್-ಶುಹದಾ, ಹುತಾತ್ಮರ ನಿಲ್ದಾಣ. ಮೂರನೆಯ ಮಾರ್ಗದ ಪೂರ್ವದ ತುದಿ ಅದ್ಲಿ ಮನ್ಸೂರ್, 2013ರಲ್ಲಿ ಹಂಗಾಮಿ ಅಧ್ಯಕ್ಷರಾಗಿದ್ದ ನ್ಯಾಯಾಧೀಶರ ಹೆಸರು. ಮೊರ್ಸಿಯ ಹೆಸರಿನ ನಿಲ್ದಾಣವಿಲ್ಲ. ಈ ಮೆಟ್ರೊ ಕಟ್ಟಿಸಿ 1987ರಲ್ಲಿ ಮೊದಲ ಹಂತ ತೆರೆದದ್ದು ಮುಬಾರಕ್ ಆಡಳಿತ. ಆಫ್ರಿಕಾದಲ್ಲೂ ಅರಬ್ ಜಗತ್ತಿನಲ್ಲೂ ಅದೇ ಮೊದಲನೆಯದು. ಮೂವತ್ತು ವರ್ಷದ ಆ ಆಡಳಿತ ಜನರಿಗೆ ಕೊಟ್ಟದ್ದರಲ್ಲಿ ನಿತ್ಯ ಬಳಕೆಗೆ ಬರುವುದು ಇದೇ, ಅದರ ಮೇಲೆ ಅವರ ಹೆಸರು ಮಾತ್ರ ಉಳಿದಿಲ್ಲ.

ಟಿಕೆಟ್ ದರ ದಾಟುವ ನಿಲ್ದಾಣಗಳ ಎಣಿಕೆಯ ಮೇಲೆ. ಇಳಿಯುವಾಗ ಗೇಟಿನಲ್ಲಿ ಮತ್ತೆ ಬೇಕಾಗುವುದರಿಂದ ಚೀಟಿಯನ್ನು ಬಿಸಾಡಬಾರದು, ಕಳೆದುಕೊಂಡರೆ ದಂಡ. ರೈಲಿನ ನಡುವಿನ ಬೋಗಿಗಳು ಹೆಂಗಸರಿಗೆ ಮೀಸಲು. ಗಡಿಬಿಡಿಯಲ್ಲಿ ಅದಕ್ಕೆ ಹತ್ತುವ ಗಂಡಸರಿಗೂ ದಂಡ ಬೀಳುತ್ತದೆ.

ಬೆಳಿಗ್ಗೆ ಬೇಗ ಒಂದನೆಯ ಮಾರ್ಗದ ದಕ್ಷಿಣದ ತುದಿ ಹೆಲ್ವಾನಿಗೆ ಹೋಗಿ ಬರಬಹುದು. ಅಲ್ಲಿಂದ ಇನ್ನೂ ತೆಂಕಕ್ಕೆ ಅತ್-ತಬ್ಬೀನ್‌ನಲ್ಲಿ ನಾಸೆರ್ ಕಾಲದ ಉಕ್ಕಿನ ಕಾರ್ಖಾನೆ ಇದೆ. 1954ರಲ್ಲಿ ಸ್ಥಾಪನೆಯಾದ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಬಂದದ್ದು 2021ರ ಜನವರಿಯಲ್ಲಿ. ಒಳಗೆ ಬಿಡುವುದಿಲ್ಲ. ಆದರೆ ಕನ್ನಡಿಗರಿಗೆ ಹೆಲ್ವಾನ್ ಇನ್ನೊಂದು ಕಾರಣಕ್ಕೆ ಮುಖ್ಯ. ನಾಸೆರ್ ಇಲ್ಲಿ ಎಚ್‌ಎ-300 ಎಂಬ ಯುದ್ಧವಿಮಾನ ಕಟ್ಟಿಸುತ್ತಿದ್ದರು. 1964ರ ಮಾರ್ಚ್ 7ರಂದು ಅದನ್ನು ಮೊದಲ ಬಾರಿಗೆ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ವಿಮಾನಕ್ಕೆ ಶಕ್ತಿ ಸಾಲದ ಎಂಜಿನ್ನೇ ದೊಡ್ಡ ಕೊರತೆ. ಈಜಿಪ್ಟಿನ ಇ-300 ಎಂಜಿನ್ ಅದಕ್ಕೂ ಹೊಂದೀತೆಂಬ ಆಸೆಯಿಂದ ಒಂದು ಮಾರುತ್ ಇಲ್ಲಿಗೆ ಬಂದು ಪರೀಕ್ಷಾ ವಿಮಾನವಾಯಿತು. 1967ರಲ್ಲಿ ಇಸ್ರೇಲ್ ಎದುರು ಸೋತ ಪೆಟ್ಟಿಗೆ ಹಣ ಬತ್ತಿ 1969ರಲ್ಲಿ ಯೋಜನೆ ನಿಂತಿತು. ಮಾರುತ್ ಕೊನೆಯವರೆಗೂ ತಕ್ಕ ಎಂಜಿನ್ ಕಾಣಲಿಲ್ಲ.

ಇದೇ ಮಾರ್ಗದ ಉತ್ತರದ ತುದಿ ಅಲ್-ಮರ್ಗ್. 1954ರ ನವೆಂಬರಿನಲ್ಲಿ ಇಳಿಸಲ್ಪಟ್ಟ ನಗೀಬರನ್ನು ಅಲ್ಲಿನ ಒಂದು ಮನೆಯಲ್ಲಿ ಬಂಧನದಲ್ಲಿಟ್ಟರು. ಹೊರಬಿಟ್ಟದ್ದು ನಾಸೆರ್ ತೀರಿಕೊಂಡ ಮೇಲೆ, ಸಾದತ್. ಅಷ್ಟು ವರ್ಷ ಶಾಲೆಯ ಪಠ್ಯದಲ್ಲೂ ಅವರ ಹೆಸರಿಗೆ ಜಾಗವಿರಲಿಲ್ಲ. ಅವರು 1984ರಲ್ಲಿ ತೀರಿಕೊಂಡಾಗ ಸೈನಿಕ ಗೌರವದ ಶವಯಾತ್ರೆಯಲ್ಲಿ ಮುಬಾರಕ್ ನಡೆದರು. 2017ರಲ್ಲಿ ಸಿಸಿ ದೊಡ್ಡ ಸೇನಾನೆಲೆಯೊಂದಕ್ಕೆ ಅವರ ಹೆಸರಿಟ್ಟರು.

ಮಧ್ಯಾಹ್ನಕ್ಕೆ ತಹ್ರೀರ್. 2011ರ ಜನವರಿ 25ರಿಂದ ಫೆಬ್ರವರಿ 11ರವರೆಗೆ ಜನ ಬೀದಿಗಿಳಿದು ಮುಬಾರಕರನ್ನು ಇಳಿಸಿದ ಹದಿನೆಂಟು ದಿನದ ಗುರುತು ಇಲ್ಲೇನೂ ಉಳಿದಿಲ್ಲ. ಆ ದಿನಗಳಲ್ಲಿ ಕನಿಷ್ಠ 846 ಜನ ಸತ್ತರೆಂದು ಸರ್ಕಾರವೇ ನೇಮಿಸಿದ ಸತ್ಯಶೋಧನಾ ಸಮಿತಿ ಹೇಳಿತು. ಮ್ಯೂಸಿಯಮ್ಮಿನ ಪಕ್ಕ ಜನ ಸುಟ್ಟಿದ್ದ ಮುಬಾರಕ್ ಪಕ್ಷದ ಕಚೇರಿಯನ್ನು 2015ರಲ್ಲಿ ಕೆಡವಿದರು. ಚೌಕದ ನಡುವೆ ಈಗ ಎರಡನೆಯ ರಾಮ್ಸೆಸ್‌ನ ಕಲ್ಲಿನ ಕಂಬ, ಸುತ್ತ ಕಾರ್ನಾಕ್‌ನಿಂದ ತಂದ ನಾಲ್ಕು ಟಗರುತಲೆಯ ಸ್ಫಿಂಕ್ಸ್‌ಗಳು. ಕಾವಲಿನವರು ಹೆಚ್ಚು ಹೊತ್ತು ಕೂರಲು ಬಿಡುವುದಿಲ್ಲ.

ಮೂರನೆಯ ದಿನ: ಎರಡು ಸಮಾಧಿ, ಒಂದು ಚೌಕ

ಒಂದನೆಯ ಮಾರ್ಗದಲ್ಲಿ ಕುಬ್ರೀ ಅಲ್-ಕುಬ್ಬಾ ನಿಲ್ದಾಣ. ನಾಸೆರ್ ಹೆಸರಿನ ಮಸೀದಿಯಲ್ಲೇ ಅವರ ಸಮಾಧಿ. ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ತಪ್ಪಿಸಿ. ಸುತ್ತಲೂ ಸೇನೆಯ ಕಟ್ಟಡಗಳಿರುವುದರಿಂದ ರಸ್ತೆಯಲ್ಲಿ ಫೋಟೊ ಬೇಡ. ಹತ್ತಿರದ ಮನ್ಶಿಯತ್ ಅಲ್-ಬಕ್ರಿಯಲ್ಲಿ ಅವರು ಬದುಕಿ ಸತ್ತ ಮನೆ 2016ರಿಂದ ಮ್ಯೂಸಿಯಂ. ಅದು ತೆರೆದಿರುತ್ತದೆಯೇ ಎಂದು ಹಿಂದಿನ ದಿನವೇ ಹೋಟೆಲಿನವರಿಂದ ಫೋನು ಮಾಡಿಸಿ ಖಚಿತಪಡಿಸಿಕೊಳ್ಳಿ.

ಅಲ್ಲಿಂದ ಟ್ಯಾಕ್ಸಿಯಲ್ಲಿ ನಸ್ರ್ ಸಿಟಿಗೆ. ಅಜ್ಞಾತ ಯೋಧನ ಸ್ಮಾರಕವೆಂದು 1975ರಲ್ಲಿ ಎದ್ದ, ನಾಲ್ಕು ಕಾಲಿನ ಟೊಳ್ಳು ಪಿರಮಿಡ್ಡಿನ ಅಡಿಯಲ್ಲಿ ಸಾದತ್ ಮಲಗಿದ್ದಾರೆ. 2021ರಲ್ಲಿ ತೀರಿಕೊಂಡ ಪತ್ನಿ ಜೆಹಾನ್ ಪಕ್ಕದಲ್ಲೇ ಇದ್ದಾರೆ. ಎದುರಿಗೆ ರಸ್ತೆಯಾಚೆ ಇರುವ ಮೆಟ್ಟಿಲುಗಟ್ಟೆಯ ಮೇಲೆ, 1981ರ ಅಕ್ಟೋಬರ್ 6ರ ಪೆರೇಡ್ ನೋಡುತ್ತಿದ್ದಾಗ, ಅವರನ್ನು ಅವರದೇ ಸೈನಿಕರು ಕೊಂದರು. ಪಕ್ಕದಲ್ಲಿ ಕೂತಿದ್ದ ಮುಬಾರಕ್ ಬದುಕಿಕೊಂಡರು.

ಈ ಇಬ್ಬರನ್ನು ತೂಗುವವರು ಶವಯಾತ್ರೆಗಳನ್ನು ನೆನೆಯುತ್ತಾರೆ. 1970ರ ಅಕ್ಟೋಬರ್ 1ರಂದು ನಾಸೆರ್ ಹಿಂದೆ ಹರಿದ ಜನ ಲಕ್ಷಗಟ್ಟಲೆ; ಪೆಟ್ಟಿಗೆ ಸಾಗಿಸುವುದೇ ಕಷ್ಟವಾಯಿತು. ಸಾದತ್ ಅಂತ್ಯಕ್ರಿಯೆಗೆ ಅಮೆರಿಕದ ಮೂವರು ಮಾಜಿ ಅಧ್ಯಕ್ಷರು ಬಂದರು, ಅರಬ್ ದೇಶಗಳ ಮುಖಂಡರು ಬಂದದ್ದು ಬೆರಳೆಣಿಕೆ, ಬೀದಿಗಳು ಖಾಲಿ. ಆದರೆ ಕಾಲುವೆಯಾಚೆಯ ಸಿನಾಯ್ ಇಸ್ರೇಲಿನ ಕೈಗೆ ಹೋದದ್ದು ನಾಸೆರ್ ಕಾಲದಲ್ಲಿ, ಮರಳಿ ಬಂದದ್ದು ಸಾದತ್ ಇಸ್ರೇಲಿನೊಡನೆ ಮಾಡಿದ 1979ರ ಒಪ್ಪಂದದಿಂದ. ಬೀದಿಯ ಕಣ್ಣೀರನ್ನೇ ಅಳತೆಗೋಲು ಮಾಡಿದರೆ ಈ ಲೆಕ್ಕ ತಪ್ಪುತ್ತದೆ.

ಸನಿಹದಲ್ಲಿರುವ ಅಕ್ಟೋಬರ್ ಪನೋರಮಾ ಕಟ್ಟಡ 1973ರ ಯುದ್ಧದ ಚಿತ್ರಶಾಲೆ. ಉತ್ತರ ಕೊರಿಯಾದ ನೆರವಿನಿಂದ ಕಟ್ಟಿದ್ದು, 1989ರಲ್ಲಿ ತೆರೆಯಿತು. ಮುಬಾರಕ್ ಆ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದರಿಂದ ಮೊದಲ ವಿಮಾನದಾಳಿಯೇ ಕಥೆಯ ಕೇಂದ್ರವಾಯಿತು. ಕಾಲುವೆ ದಾಟುವ ಯೋಜನೆ ಹೆಣೆದ ಸಅದ್ ಅಶ್-ಶಾಜ್ಲಿ ಮುಬಾರಕ್ ಕಾಲದಲ್ಲೇ ಜೈಲು ಕಂಡರು, ಮತ್ತು ಮುಬಾರಕ್ ಇಳಿಯುವ ಹಿಂದಿನ ದಿನ, 2011ರ ಫೆಬ್ರವರಿ 10ರಂದು, ಕಣ್ಣು ಮುಚ್ಚಿದರು.

ಸ್ಮಾರಕದ ಆಸುಪಾಸಿನಲ್ಲೇ ರಬಾ ಅಲ್-ಅದವಿಯಾ ಚೌಕ. 2012ರಲ್ಲಿ ಶೇ. 51.7 ಮತ ಪಡೆದು ಗೆದ್ದ ಮೊಹಮ್ಮದ್ ಮೊರ್ಸಿ, ಅದೇ ನವೆಂಬರಿನಲ್ಲಿ ತಮ್ಮ ಆಜ್ಞೆಗಳನ್ನು ನ್ಯಾಯಾಲಯದ ಕೈಗೆ ಸಿಗದಂತೆ ಮಾಡಿಕೊಂಡು ಅರ್ಧ ದೇಶವನ್ನು ಎದುರು ಹಾಕಿಕೊಂಡರು. 2013ರ ಜುಲೈ 3ರಂದು ಸಿಸಿ ಮುಖ್ಯಸ್ಥರಾಗಿದ್ದ ಸೇನೆ ಅವರನ್ನು ತೆಗೆಯಿತು. ಇಲ್ಲಿ ಧರಣಿ ಕೂತಿದ್ದ ಅವರ ಬೆಂಬಲಿಗರನ್ನು ಆಗಸ್ಟ್ 14ರಂದು ತೆರವು ಮಾಡಿದಾಗ ಕನಿಷ್ಠ 817 ಜನ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಮೊರ್ಸಿ 2019ರಲ್ಲಿ ನ್ಯಾಯಾಲಯದ ಕಟಕಟೆಯಲ್ಲೇ ಕುಸಿದು ಸತ್ತರು. ಚೌಕಕ್ಕೀಗ 2015ರಲ್ಲಿ ಬಾಂಬಿಗೆ ಬಲಿಯಾದ ಪ್ರಾಸಿಕ್ಯೂಟರ್ ಹಿಶಾಮ್ ಬರಕಾತ್ ಹೆಸರು. ಟ್ಯಾಕ್ಸಿಯಿಂದ ಇಳಿಯಬೇಡಿ, ಫೋನು ಎತ್ತಬೇಡಿ, ಡ್ರೈವರನನ್ನು ಈ ವಿಷಯ ಕೇಳಬೇಡಿ. ಉತ್ತರ ಕೊಟ್ಟರೆ ತೊಂದರೆ ಅವನಿಗೆ, ನಿಮಗಲ್ಲ.

ನಾಲ್ಕನೆಯ ದಿನ: ಹೊಸ ರಾಜಧಾನಿ

ಇದಕ್ಕೆ ಅರ್ಧ ದಿನ ಸಾಕು. ಮೂರನೆಯ ಮಾರ್ಗದಲ್ಲಿ ಅದ್ಲಿ ಮನ್ಸೂರ್ ತಲುಪಿ, 2022ರಲ್ಲಿ ಶುರುವಾದ ಲಘು ರೈಲಿಗೆ ಬದಲಾಯಿಸಿದರೆ ಮರಳುಗಾಡಿನಲ್ಲಿ ಎದ್ದ ಹೊಸ ಆಡಳಿತ ನಗರಿ. ಇಳಿದ ಮೇಲೆ ನಡೆದು ನೋಡುತ್ತೇವೆಂದುಕೊಂಡರೆ ಕೆಟ್ಟಿರಿ. ಒಂದೊಂದು ಕಟ್ಟಡದ ನಡುವೆ ಕಿಲೋಮೀಟರುಗಟ್ಟಲೆ ಅಂತರ, ನೆರಳಿಲ್ಲ. ಟ್ಯಾಕ್ಸಿಯನ್ನು ಹಿಂದಿರುಗುವ ತನಕ ಗೊತ್ತು ಮಾಡಿಕೊಳ್ಳಬೇಕು. ಸುಮಾರು 394 ಮೀಟರಿನ ಗೋಪುರ, ಭಾರಿ ಮಸೀದಿ, 2019ರಲ್ಲಿ ತೆರೆದ, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಕೆಥೆಡ್ರಲ್ ಇವೆ.

ಜುಟ್ಟಿಗೆ ಮಲ್ಲಿಗೆ ಮುಡಿಸುವ ಮೊದಲು ಹೊಟ್ಟೆಗೆ ಹಿಟ್ಟು ನೋಡಬೇಕಿತ್ತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಿಸಿ ಬಂದಾಗ 46 ಶತಕೋಟಿ ಡಾಲರಿದ್ದ ವಿದೇಶಿ ಸಾಲ 2023ರ ಕೊನೆಗೆ 160 ಶತಕೋಟಿ ದಾಟಿತ್ತು. 2024ರ ಮಾರ್ಚ್‌ನಲ್ಲಿ ಪೌಂಡು ಡಾಲರಿಗೆ 31ರಿಂದ 50ರ ಆಸುಪಾಸಿಗೆ ಕುಸಿಯಿತು. ಇನ್ನೊಂದು ಮಾತನ್ನೂ ಹೇಳಬೇಕು: ಸಚಿವಾಲಯಗಳು ತಹ್ರೀರಿನಿಂದ ಈಗ 45 ಕಿ.ಮೀ. ದೂರ. ಜನ ಮತ್ತೆ ಸೇರಿದರೂ ಮುತ್ತಿಗೆ ಹಾಕಲು ಅಲ್ಲಿ ಸರ್ಕಾರವಿರುವುದಿಲ್ಲ.

ಐದನೆಯ ದಿನ: ಕಾಲುವೆ

ಕಾರು ಮಾಡಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟರ ಹೊತ್ತಿಗೆ ಇಸ್ಮಾಯಿಲಿಯಾ, ಅಲ್ಲಿಂದ 80 ಕಿ.ಮೀ. ಉತ್ತರಕ್ಕೆ ಪೋರ್ಟ್ ಸಯೀದ್. ಸಿನಾಯ್ ಬದಿಗೆ ದಾಟುವ ಯೋಚನೆ ಬೇಡ. ತಪಾಸಣೆಯಲ್ಲಿ ವಿದೇಶಿಯರನ್ನು ಹಿಂದಕ್ಕೆ ಕಳಿಸುವುದುಂಟು. ಹಡಗು ನೋಡಲು ಸುಲಭದ ಜಾಗ ಪೋರ್ಟ್ ಸಯೀದ್ ಮತ್ತು ಪೋರ್ಟ್ ಫುವಾದ್ ನಡುವೆ ಓಡಾಡುವ ದೋಣಿ. ಹಣ ಕೊಡಬೇಕಿಲ್ಲ, ದಿನವಿಡೀ ಓಡಾಟ. ದಂಡೆಯಲ್ಲಿ ಡಿ ಲೆಸೆಪ್ಸ್‌ನ ಬರಿಯ ಪೀಠವಿದೆ. ರಾಷ್ಟ್ರೀಕರಣದ ಬೆನ್ನಿಗೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ನಡೆಸಿದ ದಾಳಿ ಮುಗಿದು ಬ್ರಿಟಿಷ್, ಫ್ರೆಂಚ್ ಪಡೆಗಳು ಹೊರಟ ಕೂಡಲೆ, 1956ರ ಡಿಸೆಂಬರಿನಲ್ಲಿ, ಪ್ರತಿಮೆಯನ್ನು ಸಿಡಿಸಿ ಬೀಳಿಸಿದರು. ಆಗ ನಡುವೆ ನಿಲ್ಲಲು ಬಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರು 1967ರ ತನಕ ಇದ್ದರು.

1967ರಲ್ಲಿ ಇಸ್ರೇಲ್ ಪೂರ್ವ ದಂಡೆ ಹಿಡಿದು ಕಾಲುವೆ ಎಂಟು ವರ್ಷ ಮುಚ್ಚಿತು. ಆ ದಂಡೆಯ ಮೇಲೆ ಇಸ್ರೇಲಿಗರು ಎಬ್ಬಿಸಿದ್ದ ಮರಳಿನ ಗೋಡೆ ಕೆಲವೆಡೆ 20 ಮೀಟರ್ ಎತ್ತರ. ಸ್ಫೋಟಕ ಇಟ್ಟರೆ ಮರಳು ಮತ್ತೆ ಕುಸಿದು ತೂತು ಮುಚ್ಚುತ್ತಿತ್ತು. ದಾರಿ ತೋರಿಸಿದ್ದು ಬಾಕಿ ಜಕಿ ಯೂಸುಫ್ ಎಂಬ ಎಂಜಿನಿಯರ್ ಅಧಿಕಾರಿ. ಅವರು ಆಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದಾಗ ಮರಳಿನ ದಿಬ್ಬವನ್ನು ನೀರಿನ ರಭಸದಿಂದ ಕರಗಿಸಿ ಸಾಗಿಸುವುದನ್ನು ಕಂಡಿದ್ದರು. ಸುಮಾರು 450 ಪಂಪುಗಳು ಬ್ರಿಟನ್ನಿನಿಂದಲೂ ಜರ್ಮನಿಯಿಂದಲೂ ಬಂದವು. 1973ರ ಅಕ್ಟೋಬರ್ 6ರಂದು ಕಾಲುವೆಯ ನೀರನ್ನೇ ಎತ್ತಿ ಗೋಡೆಗೆ ಬಡಿದು, ಒಂದೊಂದು ಕಂಡಿಯಲ್ಲೂ ಸುಮಾರು 1,500 ಘನ ಮೀಟರ್ ಮರಳನ್ನು ಕೊಚ್ಚಿ ಹಾಕಿದರು. ಟ್ಯಾಂಕುಗಳು ದಾಟಿದ್ದು ಆ ಕಂಡಿಗಳಲ್ಲಿ. ಸಾದತ್ ಗೆಲುವಿನೊಳಗೆ ನಾಸೆರ್ ಅಣೆಕಟ್ಟು ಹೀಗೆ ಕೂತಿದೆ.

ಯುದ್ಧದಲ್ಲಿ ಹುದುಗಿಸಿಟ್ಟಿದ್ದ ಸಿಡಿಗುಂಡುಗಳನ್ನು ತೆಗೆಸಿ ಸಾದತ್ 1975ರ ಜೂನ್ 5ರಂದು ಕಾಲುವೆ ತೆರೆದರು. ಸಿಸಿ ಅದಕ್ಕೆ 35 ಕಿ.ಮೀ. ಹೊಸ ನಾಲೆ ಜೋಡಿಸಿ, ಇನ್ನೂ 37 ಕಿ.ಮೀ. ಅಗಲಿಸಿ ಆಳ ಮಾಡಿಸಿದರು. ಹಣವನ್ನು ಶೇ. 12 ಬಡ್ಡಿಯ ಪತ್ರಗಳ ಮೂಲಕ ಜನರಿಂದಲೇ ಎತ್ತಿದರು. 2015ರ ಆಗಸ್ಟ್ 6ರ ಉದ್ಘಾಟನೆಗೆ ಅವರು ಬಂದದ್ದು ಫಾರೂಕ್ ಹತ್ತಿ ಹೋಗಿದ್ದ ಅದೇ ಮಹ್ರೂಸಾದಲ್ಲಿ. ಆದರೆ ದಕ್ಷಿಣದ ತುಂಡು ಒಂಟಿ ದಾರಿಯಾಗಿಯೇ ಉಳಿಯಿತು. 2021ರ ಮಾರ್ಚ್ 23ರಂದು ಎವರ್ ಗಿವನ್ ಅಡ್ಡ ಸಿಕ್ಕಿಬಿದ್ದದ್ದು ಅಲ್ಲೇ. ಆರು ದಿನ ಜಗತ್ತಿನ ಸರಕು ನಿಂತಿತು. ಆ ಹಡಗಿನ 25 ಸಿಬ್ಬಂದಿಯೂ ಭಾರತೀಯರು. ಇನ್ನೊಂದು ಪೆಟ್ಟು ಈಜಿಪ್ಟಿನ ಕೈಯಲ್ಲೇ ಇರಲಿಲ್ಲ: ಯೆಮೆನ್ ಕಡೆಯಿಂದ ಹಡಗುಗಳ ಮೇಲೆ ಹೂತಿ ಬಂಡುಕೋರರ ದಾಳಿ ಶುರುವಾಗಿ, 2023ರಲ್ಲಿ 10 ಶತಕೋಟಿ ಡಾಲರ್ ದಾಟಿದ್ದ ಕಾಲುವೆಯ ಆದಾಯ ಮರುವರ್ಷ ಸುಮಾರು 4 ಶತಕೋಟಿಗೆ ಇಳಿಯಿತು.

ಆರನೆಯ ದಿನ: ಆಸ್ವಾನಿನ ಅಣೆಕಟ್ಟು

ಕೈರೊದಿಂದ ರಾತ್ರಿ ರೈಲಿಗೆ ಹದಿಮೂರು ಹದಿನಾಲ್ಕು ಗಂಟೆ, ವಿಮಾನಕ್ಕೆ ಒಂದೂವರೆ. ರೈಲಾದರೆ ಟಿಕೆಟ್ಟಿನಲ್ಲಿ ಹೊರಡುವ ನಿಲ್ದಾಣ ರಾಮ್ಸೆಸೋ, ಗೀಜಾವೋ, ಹೊಸ ಬಶ್ತೀಲೋ ಎಂದು ನೋಡಿಕೊಳ್ಳಬೇಕು.

ಅಣೆಕಟ್ಟಿನ ಮೇಲೆ ನಿಂತರೆ ಅಣೆಕಟ್ಟು ಕಾಣುವುದಿಲ್ಲ, ಅಷ್ಟು ಅಗಲ. ಬುಡದಲ್ಲಿ 980 ಮೀಟರ್, ನೆತ್ತಿಯಲ್ಲಿ 40. ಉದ್ದ 3,830 ಮೀಟರ್, ಎತ್ತರ 111. ಆಕಾರ ತಿಳಿಯಬೇಕಾದರೆ ಕಮಲದ ಆಕಾರದ ಸೋವಿಯತ್ ಮೈತ್ರಿ ಸ್ಮಾರಕದ ಹತ್ತಿರ ನಿಂತು ನೋಡಬೇಕು. ಕೆಲಸ ಶುರುವಾದದ್ದು 1960ರ ಜನವರಿ 9ರಂದು, ಮುಗಿದದ್ದು 1970ರ ಜುಲೈನಲ್ಲಿ. ಎರಡು ತಿಂಗಳಿಗೆ ನಾಸೆರ್ ಇಲ್ಲ. 1971ರ ಜನವರಿಯಲ್ಲಿ ಉದ್ಘಾಟಿಸಿದ್ದು ಸಾದತ್. ಮರುವರ್ಷವೇ ಅವರು ಸೋವಿಯತ್ ಸಲಹೆಗಾರರನ್ನು ದೇಶ ಬಿಡಿಸಿದರು. ಒಳಗಿನ 12 ಟರ್ಬೈನುಗಳು ಸೋವಿಯತ್ ನಿರ್ಮಿತ, ಒಟ್ಟು 2,100 ಮೆಗಾವಾಟ್. ಅವುಗಳ ಚಕ್ರಗಳು ಬಿರುಕು ಬಿಟ್ಟಾಗ, 1980ರ ದಶಕದಲ್ಲಿ, ಅಮೆರಿಕದ ನೆರವಿನ ಹಣದಲ್ಲಿ ಬದಲಿಸಿದರು.

ಜಲಾಶಯದ ಸಾಮರ್ಥ್ಯ ಸುಮಾರು 162 ಶತಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ 5,700 ಟಿಎಂಸಿಗೂ ಮೇಲೆ, ಕೆಆರ್‌ಎಸ್ 49. ಸುಡಾನಿನೊಡನೆ ಮಾಡಿಕೊಂಡ 1959ರ ಒಪ್ಪಂದದಂತೆ ನೈಲ್ ನೀರಿನಲ್ಲಿ ಈಜಿಪ್ಟಿನ ವಾರ್ಷಿಕ ಪಾಲು 55.5 ಶತಕೋಟಿ, ಸುಮಾರು 1,960 ಟಿಎಂಸಿ. 1980ರ ದಶಕದಲ್ಲಿ ಇಥಿಯೋಪಿಯಾ ಬರದಲ್ಲಿ ಬೆಂದಾಗ ಈಜಿಪ್ಟ್ ಉಂಡದ್ದು ಈ ನೀರಿನಿಂದ. ನಷ್ಟವೂ ಸಣ್ಣದಲ್ಲ. ನೆರೆ ತರುತ್ತಿದ್ದ ಮೆಕ್ಕಲು ಹಿಂದೆಯೇ ನಿಂತು ಹೊಲಗಳು ಗೊಬ್ಬರಕ್ಕೆ ಕೈಯೊಡ್ಡಿದವು. ನದೀಮುಖದ ದಂಡೆಯನ್ನು ಕಡಲು ಕೊರೆಯುತ್ತಿದೆ. ವರ್ಷವಿಡೀ ನೀರು ಹಾಯಿಸಿದ ಹೊಲಗಳಲ್ಲಿ ಉಪ್ಪು ಮೇಲೆದ್ದು, ನೆಲದಡಿ ಬಸಿಗೊಳವೆ ಹೂಳಬೇಕಾಯಿತು. ಬಿಸಿಲಿಗೆ ಆವಿಯಾಗುವುದೇ ವರ್ಷಕ್ಕೆ 10 ಶತಕೋಟಿ ಘನ ಮೀಟರಿನಷ್ಟು. ಇಷ್ಟೆಲ್ಲ ಕೂಡಿ ಕಳೆದರೂ, ಅಧ್ಯಕ್ಷರು ಬಿಟ್ಟುಹೋದ ಎಲ್ಲದರಲ್ಲಿ ತೂಕದ್ದು ಇದೇ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಕೆಡವುವ ಅಥವಾ ಹೆಸರು ಅಳಿಸುವ ಯೋಚನೆ ಮುಂದಿನ ಯಾರಿಗೂ ಬರಲಿಲ್ಲ.

ಏಳನೆಯ ದಿನ: ಅಬು ಸಿಂಬೆಲ್ ರಸ್ತೆ

ನಸುಕಿನ ನಾಲ್ಕಕ್ಕೆ ಹೊರಡಬೇಕು. ಸುಮಾರು 290 ಕಿ.ಮೀ., ಮೂರೂವರೆ ಗಂಟೆ. ನೀರು, ತಿಂಡಿ ಕಟ್ಟಿಕೊಂಡೇ ಹೊರಡಿ. ಕತ್ತಲಾಗುವ ಮೊದಲು ಹಿಂದಿರುಗಿ. ಎಲ್ಲರೂ ಈ ರಸ್ತೆಯಲ್ಲಿ ನಿದ್ದೆ ಮಾಡುತ್ತಾರೆ. ಬರುವಾಗಲಾದರೂ ಎಚ್ಚರವಾಗಿದ್ದು ನೋಡಬೇಕಾದದ್ದು ತೋಷ್ಕಾ.

ನೆರೆ ಹೆಚ್ಚಾದರೆ ಹೊರಗೆ ಬಿಡಲೆಂದು ಸಾದತ್ ಕಾಲದಲ್ಲಿ, 1978ರಲ್ಲಿ, ಅಣೆಕಟ್ಟಿನ ಹಿಂದಿನ ನಾಸೆರ್ ಸರೋವರದಿಂದ ಮರಳುಗಾಡಿನ ತಗ್ಗಿಗೆ ಒಂದು ನಾಲೆ ತೋಡಿದರು. 1997ರ ಜನವರಿ 9ರಂದು, ಅಣೆಕಟ್ಟಿನ ಕೆಲಸ ಶುರುವಾದ ತಾರೀಖಿನಂದೇ, ಮುಬಾರಕ್ ಇಲ್ಲಿ ಎರಡನೆಯ ನೈಲ್ ಕಣಿವೆಯನ್ನೇ ಮಾಡುವೆವೆಂದು ಹೊರಟರು. ಗುರಿ 5,40,000 ಫೆದ್ದಾನ್; ಒಂದು ಫೆದ್ದಾನ್ ಅಂದರೆ ನಮ್ಮ ಎಕರೆಗಿಂತ ಚೂರು ಹೆಚ್ಚು. ಸರೋವರದ ದಡದ ಪಂಪ್ ಹೌಸ್ ಮುಗಿದದ್ದು 2005ರಲ್ಲಿ. ಅಷ್ಟಾಗಿ ಅವರು ಇಳಿಯುವ ಹೊತ್ತಿಗೆ ಗುರಿಯ ಅಲ್ಪ ಪಾಲು ಮಾತ್ರ ಹಸಿರಾಗಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ನಾಲೆಯ ದಾರಿಯಲ್ಲಿ ಬಂಡೆ, ಮಣ್ಣಿನಲ್ಲಿ ಉಪ್ಪು, ಬಂದು ನೆಲೆಸಲು ಒಪ್ಪದ ಜನ. ಸಿಸಿ ಸೇನೆಯ ಯಂತ್ರಗಳನ್ನು ತಂದು ಬಂಡೆ ಒಡೆಸಿದರು. ಈಗ ರಸ್ತೆಯ ಪಕ್ಕದಲ್ಲೇ ವೃತ್ತಾಕಾರದ ಗೋಧಿ ಹೊಲಗಳು ಕಾಣುತ್ತವೆ, ನಡುವಿನ ಗೂಟದ ಸುತ್ತ ಉದ್ದನೆಯ ನೀರಿನ ಕೊಳವೆ ತಿರುಗುತ್ತಿರುತ್ತದೆ. ಫೆಬ್ರವರಿಯಲ್ಲಿ ಹೋದರೆ ಹಸಿರು ಚೆನ್ನಾಗಿ ಕಾಣುತ್ತದೆ. ಅಣೆಕಟ್ಟಿನ ನೀರು ಒಬ್ಬರದು, ನಾಲೆ ಒಬ್ಬರದು, ಪಂಪು ಒಬ್ಬರದು, ಹೊಲ ಒಬ್ಬರದು.

ಅಣೆಕಟ್ಟಿನ ನೀರಿನಲ್ಲಿ ಮುಳುಗದಿರಲೆಂದು ಅಬು ಸಿಂಬೆಲ್ ದೇವಾಲಯಗಳನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ಎತ್ತಿ, 1968ರಲ್ಲಿ ಮತ್ತೆ ಜೋಡಿಸಿದರು. ಕಲ್ಲಿಗೆ ಜಗತ್ತೇ ಸೇರಿ ಹಣ ಕೊಟ್ಟಿತು. ಅದೇ ನೀರಿನಡಿ ಮುಳುಗಿದ ನ್ಯೂಬಿಯನ್ ಹಳ್ಳಿಗಳ ಸುಮಾರು 50,000 ಜನರನ್ನು ನಾಸೆರ್ ಸರ್ಕಾರ ಕೊಮ್ ಒಂಬೊ ಹತ್ತಿರದ ಬಯಲಿಗೆ ಸಾಗಿಸಿತು. 2014ರ ಸಂವಿಧಾನದ 236ನೆಯ ವಿಧಿ ಹತ್ತು ವರ್ಷದೊಳಗೆ ಅವರನ್ನು ಮೂಲ ನೆಲೆಗೆ ಮರಳಿಸುವ ಮಾತು ಕೊಟ್ಟಿತು. ಅದೇ ವರ್ಷದ ಕೊನೆಗೆ ಬಂದ ಅಧ್ಯಕ್ಷರ ಆದೇಶ ಗಡಿಯಂಚಿನ ನೆಲವನ್ನು ಸೇನೆಯ ಪ್ರದೇಶ ಮಾಡಿತು. ಹತ್ತು ವರ್ಷ ಕಳೆದಿದೆ.

ಹಿಂದಿರುಗುವ ರೈಲು ಹಗಲಿನದಾದರೆ ಆಸ್ವಾನಿನಿಂದ ಉತ್ತರಕ್ಕೆ ಸುಮಾರು 45 ಕಿ.ಮೀ. ಹೋಗಿ ಕೊಮ್ ಒಂಬೊದಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ನಸ್ರ್ ಅನ್-ನೂಬಾಕ್ಕೆ ಹೋಗಿ ಬನ್ನಿ. ಸಾಲುಮನೆಗಳು, ದೂರದಲ್ಲೆಲ್ಲೋ ನದಿ. ಊರಿನ ಫಲಕಗಳಲ್ಲಿ ಮುಳುಗಿದ ಹಳ್ಳಿಗಳ ಹೆಸರುಗಳೇ ಇವೆ: ಬಲ್ಲಾನಾ, ಅದಿಂದಾನ್, ಕಲಾಬ್ಶಾ. ಅವುಗಳ ನಡುವೆ ಒಂದು ತೋಷ್ಕಾ.